114 ವಿಕೆಟ್‌ಗಳ ಲೆಕ್ಕ ಮತ್ತು ಬರೆಯದೇ ಉಳಿದ ಲೆಕ್ಕ: ಧಾರವಾಡದಲ್ಲಿ ಜನಿಸಿದ ಪಲ್ವಂಕರ್ ಬಾಲೂ

ಒಬ್ಬ ಆಟಗಾರನ ಹೆಸರಿನ ಮುಂದೆ ದಾಖಲಾದ ಅಂಕಿಗಳು ಆತ ತನ್ನ ತಂಡದ ಗೆಲುವಿಗೆ ನಿಜವಾಗಿ ನೀಡಿದ್ದೆಷ್ಟು ಎಂಬುದನ್ನು ಹೇಳಬಲ್ಲವೇ? ಬ್ಯಾಸ್ಕೆಟ್‌ಬಾಲ್ ಬಲ್ಲವರಲ್ಲಿ ಈ ಚರ್ಚೆ ಹಳೆಯದು. ಅತಿ ಹೆಚ್ಚು ಪಾಯಿಂಟ್ ಗಳಿಸಿದವನ ತಂಡವೇ ಸೋತು ಮನೆಗೆ ಮರಳಿದ ಪಂದ್ಯಗಳು ಅಸಂಖ್ಯ. ಹೀಗಾಗಿಯೇ, ಆಟಗಾರನೊಬ್ಬ ಅಂಗಳದಲ್ಲಿ ಇದ್ದಷ್ಟು ಹೊತ್ತು ಆತನ ತಂಡ ಎದುರಾಳಿಗಿಂತ ಎಷ್ಟು ಮುಂದೆ ಹೋಯಿತು ಅಥವಾ ಎಷ್ಟು ಹಿಂದೆ ಬಿದ್ದಿತು ಎಂಬುದನ್ನು ಲೆಕ್ಕ ಹಾಕುವ ಪ್ಲಸ್-ಮೈನಸ್ ಪದ್ಧತಿ ಆ ಆಟದಲ್ಲಿ ರೂಢಿಗೆ ಬಂದಿತು. ತಾನೇ ಬುಟ್ಟಿಗೆ ಚೆಂಡು ಹಾಕದಿದ್ದರೂ ತನ್ನ ಇರುವಿಕೆಯಿಂದಲೇ ತಂಡವನ್ನು ಗೆಲ್ಲಿಸುವ ಆಟಗಾರರು ಈ ಲೆಕ್ಕದಲ್ಲಿ ಕಣ್ಣಿಗೆ ಬೀಳುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮರದಿಂದ ಇಳಿಸಿದ ಕಾಯಿಗೆ ಎಣಿಕೆಯ ಲೆಕ್ಕ. ಅದೇ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಉಳಿದು, ಒಳಗಿನ ನೀರು ಬತ್ತಿ, ಸುಲಿದು ಚಿಪ್ಪು ಒಡೆದ ಮೇಲೆ ಕೈಗೆ ಬರುವ ಉಂಡೆ ಕೊಬ್ಬರಿಗೆ ತೂಕದ ಲೆಕ್ಕ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ನಿಗದಿಯಾಗುವುದು ಕ್ವಿಂಟಲ್‌ಗೆ. ಅಟ್ಟಕ್ಕೆ ಎಷ್ಟು ಕಾಯಿ ಏರಿತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಎಣಿಕೆ ಸುಳ್ಳಲ್ಲ. ಆದರೆ ಅದು ಕೊನೆಯ ಮಾತಲ್ಲ.

ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಬದುಕಿನುದ್ದಕ್ಕೂ ಅನುಭವಿಸಿದ ಕ್ರಿಕೆಟಿಗರೊಬ್ಬರು ಕನ್ನಡ ನೆಲದಲ್ಲಿ ಜನಿಸಿದ್ದರು. ಅವರೇ ಪಲ್ವಂಕರ್ ಬಾಲೂ. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಪರ ಅವರು ಪಡೆದ ವಿಕೆಟ್‌ಗಳ ಸಂಖ್ಯೆ 114. ಆ ತಂಡ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು ಕೇವಲ ಆರು. ಹಾಗಾದರೆ ಆ 114 ವಿಕೆಟ್‌ಗಳ ಬೆಲೆ ಏನು? ಉತ್ತರ ಹುಡುಕಲು ಸ್ಕೋರ್ ಪುಸ್ತಕದಿಂದ ಆಚೆಗೂ ಹೋಗಬೇಕಾಗುತ್ತದೆ.

ಧಾರವಾಡದಿಂದ ಪುಣೆಗೆ

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಲೂ ಜನಿಸಿದ್ದು 1876ರಲ್ಲಿ, ಧಾರವಾಡದಲ್ಲಿ. ಅಂದು ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕುಟುಂಬದ ಮೂಲ ಕೊಂಕಣ ತೀರದ ಪಲ್ವಣ ಗ್ರಾಮ. ಪಲ್ವಂಕರ್ ಎಂಬ ಹೆಸರು ಬಂದದ್ದು ಅಲ್ಲಿಂದ. ಚರ್ಮದ ಕುಲಕಸುಬಿನ ಚಮ್ಮಾರ ಸಮುದಾಯಕ್ಕೆ ಸೇರಿದ ಈ ಕುಟುಂಬವನ್ನು ಅಂದಿನ ಹಿಂದೂ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿತ್ತು. ತಂದೆಗೆ ಸೇನೆಯೊಡನೆ ನಂಟಿದ್ದ ಉದ್ಯೋಗ. ಹೀಗಾಗಿ ಕುಟುಂಬ ಪುಣೆಯಲ್ಲಿ ನೆಲೆಸಿತು. ದಂಡಿನ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳೇ ಬಾಲೂ ಮತ್ತು ತಮ್ಮ ಶಿವರಾಮ್ ಅವರ ಮೊದಲ ಆಟದ ಸಾಮಾನು.

ಆಟವೇ ಅನ್ನವೂ ಆಯಿತು. ಆದರೆ ಆಟಗಾರನಾಗಿ ಅಲ್ಲ. ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ ಒಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಬಾಲೂ ಸೇರಿಕೊಂಡರು. ತಿಂಗಳಿಗೆ ಸಂಬಳ 3 ರೂಪಾಯಿ. ಕೆಲವು ಕಾಲದ ನಂತರ ಯುರೋಪಿಯನ್ನರ ಪೂನಾ ಕ್ಲಬ್‌ನಲ್ಲಿ ಕೆಲಸ ಸಿಕ್ಕಿತು. ಸಂಬಳ 4 ರೂಪಾಯಿಗೆ ಏರಿತು. ಪಿಚ್ ಸಿದ್ಧಪಡಿಸುವುದು, ನೆಟ್ ಕಟ್ಟುವುದು, ಟೆನಿಸ್ ಅಂಕಣಗಳಿಗೆ ಗೆರೆ ಎಳೆಯುವುದು ದಿನಚರಿ. ಬಿಡುವಿನಲ್ಲಿ ಸದಸ್ಯರಿಗೆ ಚೆಂಡು ಎಸೆಯಲು ಯಾರೋ ಒಬ್ಬರು ಅವಕಾಶ ಕೊಟ್ಟರು. ಎಡಗೈಯಿಂದ ನಿಧಾನಗತಿಯಲ್ಲಿ ಬರುತ್ತಿದ್ದ ಆ ಚೆಂಡು ಎರಡೂ ಕಡೆಗೆ ತಿರುಗುತ್ತಿತ್ತು. ವೇಗದಲ್ಲಿನ ಸೂಕ್ಷ್ಮ ವ್ಯತ್ಯಾಸ ಬ್ಯಾಟ್ಸ್‌ಮನ್‌ಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತಿತ್ತು.

ಆ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗಳಲ್ಲಿ ಅಗ್ರಗಣ್ಯರೆನಿಸಿದ್ದವರು ಜೆ.ಜಿ. ಗ್ರೆಗ್. ಉಳಿದ ಸದಸ್ಯರು ಬರುವ ಮುನ್ನವೇ ಮೈದಾನಕ್ಕೆ ಬಂದು ಗ್ರೆಗ್ ಅವರು ಬಾಲೂ ಅವರ ಬೌಲಿಂಗ್ ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆ ಪ್ರಚಲಿತದಲ್ಲಿದೆ. ಕಥೆ ಹೇಗೇ ಇರಲಿ, ನೂರಾರು ಗಂಟೆಗಳ ಆ ಬೌಲಿಂಗ್ ಯಾವ ಸ್ಕೋರ್ ಪುಸ್ತಕದಲ್ಲೂ ಇಲ್ಲ. ನೆಟ್‌ನಲ್ಲಿ ಉರುಳಿದ ವಿಕೆಟ್‌ಗಳಿಗೆ ದಾಖಲೆಯಿಲ್ಲ. ಬ್ಯಾಟ್ ಹಿಡಿಯುವ ಅವಕಾಶವನ್ನಂತೂ ಪೂನಾ ಕ್ಲಬ್ ಅವರಿಗೆ ಕೊಡಲೇ ಇಲ್ಲ. ಬ್ಯಾಟಿಂಗ್ ಒಡೆಯರದು, ಬೌಲಿಂಗ್ ಆಳುಗಳದು ಎಂಬ ಭಾವನೆ ಅಂದಿನ ಕ್ರಿಕೆಟ್‌ನಲ್ಲಿ ಬೇರೂರಿತ್ತು.

ಮುಂದೆ ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಾಲೂ ಗಳಿಸಿದ ರನ್ 753. ಸರಾಸರಿ 14ಕ್ಕಿಂತ ಕಡಿಮೆ. ಗರಿಷ್ಠ ಮೊತ್ತ 75. ಈ ಅಂಕಿಗಳನ್ನಷ್ಟೇ ಓದಿದವರಿಗೆ ಅವರು ಸಾಧಾರಣ ಬ್ಯಾಟ್ಸ್‌ಮನ್. ಕಲಿಯುವ ವಯಸ್ಸಿನಲ್ಲಿ ಬ್ಯಾಟ್ ಮುಟ್ಟಲು ಬಿಡದಿದ್ದ ಸಂಗತಿ ಆ ಸರಾಸರಿಯಲ್ಲಿ ಕಾಣುವುದಿಲ್ಲ.

ಚೆಂಡು ಒಂದೇ, ಲೋಟ ಬೇರೆ

ಪುಣೆಯ ಹಿಂದೂ ಕ್ರಿಕೆಟಿಗರು ಯುರೋಪಿಯನ್ನರನ್ನು ಸೋಲಿಸಬೇಕೆಂದು ಹಂಬಲಿಸುತ್ತಿದ್ದ ದಿನಗಳವು. ಅದಕ್ಕೆ ಬೇಕಾಗಿದ್ದ ಬೌಲರ್ ಪಕ್ಕದ ಮೈದಾನದಲ್ಲೇ ರೋಲರ್ ಎಳೆಯುತ್ತಿದ್ದ. ಆತನನ್ನು ತಂಡಕ್ಕೆ ಸೇರಿಸಿಕೊಳ್ಳಬೇಕೇ ಎಂಬ ಬಗ್ಗೆ ತೀವ್ರ ವಾಗ್ವಾದ ನಡೆಯಿತು. ಕೊನೆಗೆ ಗೆಲುವಿನ ಆಸೆ ಮೇಲುಗೈ ಪಡೆಯಿತು. ಬಾಲೂ ತಂಡಕ್ಕೆ ಬಂದರು.

ಮೈದಾನದ ಗೆರೆಯೊಳಗೆ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಗೆರೆಯಾಚೆ ಮಾತ್ರ ಲೋಕ ಬೇರೆಯಾಗಿತ್ತು. ಚಹಾ ವಿರಾಮದಲ್ಲಿ ಸಹ ಆಟಗಾರರು ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿದರೆ, ಬಾಲೂ ಅವರಿಗೆ ಹೊರಗೆ, ಬಳಸಿ ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ಜಾಗ, ಬೇರೆ ತಟ್ಟೆ. ಪಂದ್ಯದ ನಡುವೆ ದಣಿವಾರಿಸಿಕೊಳ್ಳಲು ನೀರು ಕೊಡುವವನೂ ಅವರದೇ ಸ್ಥಿತಿಯ ಆಳಾಗಿರಬೇಕಿತ್ತು.

ಸಾತಾರಾದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧ ನಡೆದ ಪಂದ್ಯದಲ್ಲಿ ಬಾಲೂ ಪುಣೆಯ ಹಿಂದೂಗಳಿಗೆ ಗೆಲುವು ತಂದುಕೊಟ್ಟರು. ಆತಿಥೇಯರು ಅವರ ಸ್ಪಿನ್ ನಡೆಯದಿರಲೆಂದು ಪಿಚ್‌ಗೆ ದಿನಗಟ್ಟಲೆ ರೋಲರ್ ಎಳೆಸಿದ್ದರೆಂಬ ಮಾತಿದೆ. ಅದಾದ ಮೇಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು, ಬಾಲೂ ಜತೆ ಆಡಬಹುದಾದರೆ ಅವರ ಜತೆ ಕುಳಿತು ಉಣ್ಣುವುದಕ್ಕೂ ಅಡ್ಡಿ ಇರಬಾರದು ಎಂದು ತಂಡದವರಿಗೆ ತಿಳಿಹೇಳಿದರು. ವಿಕೆಟ್‌ಗಳು ಬರೀ ಪಂದ್ಯ ಗೆಲ್ಲಿಸಲಿಲ್ಲ. ಊಟದ ಪಂಕ್ತಿಯ ಪ್ರಶ್ನೆಯನ್ನೂ ಎತ್ತಿದವು.

1896ರ ಹೊತ್ತಿಗೆ ಪ್ಲೇಗ್ ಪಿಡುಗು ಹಬ್ಬಿದಾಗ ಬಾಲೂ ಮುಂಬಯಿಗೆ ಬಂದರು. ಸೈನ್ಯದಲ್ಲಿ, ಬಳಿಕ ರೈಲ್ವೆ ಕಂಪನಿಯಲ್ಲಿ ಉದ್ಯೋಗ. ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾದ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. ಕೆಲವು ಸದಸ್ಯರ ವಿರೋಧದ ನಡುವೆಯೂ ತಂಡದ ನಾಯಕ ಕೀರ್ತಿಕರ್ ಅವರ ಒತ್ತಾಸೆಯಿಂದ ಅವರಿಗೆ ಪ್ರವೇಶ ದೊರೆಯಿತು.

1906ರ ಗೆಲುವು

ಮುಂಬಯಿಯ ಕ್ರಿಕೆಟ್ ಅಂದು ಸಮುದಾಯಗಳ ಕ್ರಿಕೆಟ್. ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವಿನ ಪೈಪೋಟಿ ಮೊದಲೇ ಇತ್ತು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಿದರು. ಮೊದಲ ಇನಿಂಗ್ಸ್‌ನಲ್ಲಿ ಹಿಂದೂಗಳು 242, ಯುರೋಪಿಯನ್ನರು 191. ಎರಡನೆಯ ಇನಿಂಗ್ಸ್‌ನಲ್ಲಿ ಹಿಂದೂಗಳು 160ಕ್ಕೆ ಆಲೌಟ್ ಆದರು. ಯುರೋಪಿಯನ್ನರು ಗೆಲ್ಲಲು 212 ರನ್ ಮಾಡಬೇಕಿತ್ತು. 102 ರನ್‌ಗಳಿಗೆ ಅವರ ಆಟ ಮುಗಿಯಿತು. 109 ರನ್‌ಗಳ ಈ ಗೆಲುವಿನ ಹಿಂದಿದ್ದವರು ಇಬ್ಬರು ಬೌಲರ್‌ಗಳು, ಬಾಲೂ ಮತ್ತು ಎರಾಶಾ. ಮರುವರ್ಷವೂ ಹಿಂದೂಗಳು ಯುರೋಪಿಯನ್ನರನ್ನು ಮಣಿಸಿದರು.

ಸ್ವದೇಶಿ ಚಳವಳಿಯ ಬಿಸಿ ಆರಿರದಿದ್ದ ಕಾಲ ಅದು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಸಹಜವಾಗಿಯೇ ಸಂಭ್ರಮ ತಂದಿತು. ಆದರೆ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆ ಈ ಗೆಲುವಿನಲ್ಲಿ ಮತ್ತೊಂದನ್ನು ಗುರುತಿಸಿತು. ಅಸ್ಪೃಶ್ಯನೆಂದು ದೂರವಿಟ್ಟಿದ್ದ ಆಟಗಾರನನ್ನು ಹಿಂದೂ ತಂಡ ಸೇರಿಸಿಕೊಂಡದ್ದೇ ಗೆಲುವಿಗಿಂತ ದೊಡ್ಡ ಹೆಜ್ಜೆ ಎಂಬುದು ಅದರ ನಿಲುವಾಗಿತ್ತು. ಬಾಲೂ ಅವರನ್ನು ಹೊರಗಿಟ್ಟಿದ್ದರೆ ತಂಡ ಎಷ್ಟು ದುರ್ಬಲವಾಗುತ್ತಿತ್ತು ಎಂಬ ಸರಳ ಸತ್ಯ ಅಂದು ಎಲ್ಲರಿಗೂ ತಿಳಿದಿತ್ತು. ಪ್ಲಸ್-ಮೈನಸ್ ಎಂಬ ಹೆಸರು ಇಲ್ಲದ ಕಾಲದಲ್ಲಿ ಮುಂಬಯಿಯ ಪ್ರೇಕ್ಷಕರು ಮನಸ್ಸಿನಲ್ಲೇ ಹಾಕಿಕೊಂಡ ಲೆಕ್ಕವಿದು.

ಸೋತ ತಂಡದ ಬೌಲರ್

1911ರ ಬೇಸಗೆಯಲ್ಲಿ ಅಖಿಲ ಭಾರತದ ಹೆಸರಿನ ಮೊದಲ ಕ್ರಿಕೆಟ್ ತಂಡ ಇಂಗ್ಲೆಂಡ್‌ಗೆ ಹೊರಟಿತು. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರಿದ್ದ ಆ ತಂಡದ ನಾಯಕ 19 ವರ್ಷದ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್. ಮೈಸೂರು ಸೀಮೆಯ ಬಿ. ಜಯರಾಂ ಕೂಡ ತಂಡದಲ್ಲಿದ್ದರು. ಬಾಲೂ ಜತೆಗೆ ತಮ್ಮ ಶಿವರಾಮ್ ಅವರೂ ಆಯ್ಕೆಯಾಗಿದ್ದರು. ಬಾಲೂ ಅವರಿಗೆ ಆಗ 35 ವರ್ಷ. ಬೌಲರ್ ಒಬ್ಬನ ಉತ್ತಮ ದಿನಗಳು ಸಾಮಾನ್ಯವಾಗಿ ಮುಗಿಯುವ ವಯಸ್ಸು.

ಪ್ರವಾಸ ತಂಡದ ಪಾಲಿಗೆ ಕಹಿಯಾಗಿತ್ತು. ರಣಜಿತ್‌ಸಿಂಹಜಿ ಆಡಲು ಬರಲಿಲ್ಲ. ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ ಅದು; ಮಹಾರಾಜರು ಲಂಡನ್ ಸಮಾರಂಭಗಳಲ್ಲಿ ಮಗ್ನರಾಗಿ ಕೆಲವೇ ಪಂದ್ಯಗಳನ್ನಾಡಿದರು. ಅಪರಿಚಿತ ಹವೆ, ಬಿಡುವಿಲ್ಲದ ಪಂದ್ಯಗಳು. 23 ಪಂದ್ಯಗಳಲ್ಲಿ 15 ಸೋಲು, 6 ಗೆಲುವು, 2 ಡ್ರಾ. ಪ್ರಥಮ ದರ್ಜೆಯ 14 ಪಂದ್ಯಗಳಲ್ಲಂತೂ ಗೆದ್ದದ್ದು ಎರಡೇ.

ಇಂತಹ ತಂಡದಲ್ಲಿ ಬಾಲೂ 114 ವಿಕೆಟ್ ಪಡೆದರು. ಪ್ರತಿ ವಿಕೆಟ್‌ಗೆ ಕೊಟ್ಟದ್ದು ಸರಾಸರಿ 18.84 ರನ್. ಪ್ರಥಮ ದರ್ಜೆ ಪಂದ್ಯಗಳನ್ನಷ್ಟೇ ಎಣಿಸಿದರೆ 75 ವಿಕೆಟ್, ಸರಾಸರಿ 20.12. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್‌ಗಳಿಗೆ 8 ವಿಕೆಟ್. ಅದು ಅವರ ಜೀವನದ ಶ್ರೇಷ್ಠ ಸಾಧನೆಯಾಗಿ ದಾಖಲೆಯಲ್ಲಿ ಉಳಿಯಿತು.

ತಂಡ ಗೆದ್ದ ಎರಡು ಪ್ರಥಮ ದರ್ಜೆ ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಲೀಸ್ಟರ್‌ಶೈರ್ ವಿರುದ್ಧದ ಪಂದ್ಯದಲ್ಲಿ ಬಾಲೂ ಎರಡೂ ಇನಿಂಗ್ಸ್ ಸೇರಿ 11 ವಿಕೆಟ್ ಉರುಳಿಸಿದರು. ಆದರೆ ಅದೇ ಪಂದ್ಯದಲ್ಲಿ ಪಾರ್ಸಿ ಬ್ಯಾಟ್ಸ್‌ಮನ್ ಎಚ್.ಡಿ. ಕಾಂಗಾ ಶತಕ ಬಾರಿಸಿ 163 ರನ್ ಗಳಿಸಿದ್ದರು. ಬೌಲರ್‌ಗೆ ಬೆನ್ನು ಕೊಡುವ ಬ್ಯಾಟಿಂಗ್ ಸಿಕ್ಕ ದಿನ ವಿಕೆಟ್‌ಗಳು ಗೆಲುವಾಗಿ ಪರಿಣಮಿಸಿದವು. ಸಾಮರ್ಸೆಟ್ ವಿರುದ್ಧದ ಗೆಲುವು ಕೇವಲ ಒಂದು ವಿಕೆಟ್‌ನಿಂದ. ಅಂದು ತಂಡವನ್ನು ದಡ ಸೇರಿಸಿದ್ದು ಶಿವರಾಮ್ ಅವರ ಔಟಾಗದ 113. ಅಣ್ಣನ ಹೆಸರಿನಲ್ಲಿ ಆ ರನ್‌ಗಳಿಲ್ಲ. ಆದರೆ ಅಣ್ಣ ತೆರೆದ ಬಾಗಿಲಿನಿಂದಲೇ ತಮ್ಮ ಮೈದಾನಕ್ಕೆ ಬಂದಿದ್ದ.

ಅಂಕಿಯನ್ನು ಓದುವ ಬಗೆ

ಸೋಲುವ ತಂಡದ ಬೌಲರ್‌ನ ಅಂಕಿಗಳ ಬಗ್ಗೆ ಎರಡು ಬಗೆಯ ವಾದಗಳು ಸಾಧ್ಯ. ದುರ್ಬಲ ತಂಡದಲ್ಲಿ ಹೆಚ್ಚು ಓವರ್ ಎಸೆಯುವವನಿಗೆ ಹೆಚ್ಚು ವಿಕೆಟ್ ಸಿಗುವುದು ಸಹಜ; ಎದುರಾಳಿಯ ಹತ್ತು ವಿಕೆಟ್‌ಗಳನ್ನು ಯಾರಾದರೂ ಒಬ್ಬರು ಪಡೆಯಲೇಬೇಕು. ಜತೆಗಾರರು ಸಮರ್ಥರಾಗಿದ್ದರೆ ಆ ವಿಕೆಟ್‌ಗಳು ಹಂಚಿಹೋಗುತ್ತಿದ್ದವು. ಹೀಗೆ ನೋಡಿದರೆ 114 ಎಂಬುದು ತುಸು ಉಬ್ಬಿದ ಸಂಖ್ಯೆ.

ಇನ್ನೊಂದು ವಾದ ಇದಕ್ಕೆ ನೇರ ವಿರುದ್ಧ. ಬ್ಯಾಟಿಂಗ್ ಕುಸಿದ ತಂಡದ ಎದುರಾಳಿಗೆ ಎಷ್ಟೋ ಸಲ ಎರಡನೆಯ ಇನಿಂಗ್ಸ್ ಆಡುವ ಅಗತ್ಯವೇ ಬೀಳುವುದಿಲ್ಲ. ಬೌಲರ್‌ಗೆ ಸಿಗಬೇಕಾದ ಅವಕಾಶ ಅರ್ಧಕ್ಕೇ ಮೊಟಕಾಗುತ್ತದೆ. ಕೈಬಿಟ್ಟ ಕ್ಯಾಚ್‌ಗಳು ಬೌಲರ್‌ನ ಸರಾಸರಿಯನ್ನು ಕೆಡಿಸುತ್ತವೆ. ಕ್ಷೇತ್ರರಕ್ಷಕನ ಹೆಸರಿನ ಮುಂದೆ ಅದರ ಗುರುತು ಉಳಿಯುವುದಿಲ್ಲ. ಈ ದೃಷ್ಟಿಯಲ್ಲಿ 114 ಎಂಬುದು ಕಡಿಮೆಯಾದ ಸಂಖ್ಯೆ.

ಎರಡೂ ವಾದಗಳು ಸರಿಯೇ. ಒಂದು ಅಂಕಿ ಒಂಟಿಯಾಗಿ ನಿಂತಾಗ ಅದು ಎರಡು ವಿರುದ್ಧ ಕಥೆಗಳಿಗೂ ಸಾಕ್ಷಿ ಹೇಳಬಲ್ಲದು. ಬಾಲೂ ಅವರ ಒಟ್ಟು ಪ್ರಥಮ ದರ್ಜೆ ದಾಖಲೆ ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ಇದರಿಂದ ಇಂಗ್ಲೆಂಡ್‌ನ 75 ವಿಕೆಟ್‌ಗಳನ್ನು ಕಳೆದರೆ ಉಳಿಯುವುದು 104. ಅವುಗಳ ಸರಾಸರಿ ಲೆಕ್ಕ ಹಾಕಿದರೆ 12 ರನ್‌ಗಿಂತಲೂ ಕಡಿಮೆ. ಗೆಲ್ಲುತ್ತಿದ್ದ ತಂಡದಲ್ಲಿ, ತಾವು ಬಲ್ಲ ಪಿಚ್‌ಗಳ ಮೇಲೆ ಬಾಲೂ ಇನ್ನೂ ಮಾರಕವಾಗಿದ್ದರು. ಬೌಲರ್ ತಂಡವನ್ನು ಗೆಲ್ಲಿಸುವಂತೆಯೇ ತಂಡವೂ ಬೌಲರ್‌ನ ಅಂಕಿಯನ್ನು ತಿದ್ದುತ್ತದೆ. ವೈಯಕ್ತಿಕ ಎನ್ನುವ ಅಂಕಿಯೂ ಪೂರ್ತಿ ವೈಯಕ್ತಿಕವಲ್ಲ.

33 ಪಂದ್ಯ ಎಂಬ ಸಂಖ್ಯೆಯನ್ನೂ ಹೀಗೆಯೇ ಓದಬೇಕು. ಅಂದು ಭಾರತದಲ್ಲಿ ಪ್ರಥಮ ದರ್ಜೆ ಪಂದ್ಯಗಳೇ ವರ್ಷಕ್ಕೆ ಬೆರಳೆಣಿಕೆಯಷ್ಟು. ರಣಜಿ ಟ್ರೋಫಿ ಆರಂಭವಾದದ್ದು 1934ರಲ್ಲಿ. ಭಾರತ ಮೊದಲ ಟೆಸ್ಟ್ ಆಡಿದ 1932ರ ವೇಳೆಗೆ ಬಾಲೂ ಅವರಿಗೆ 56 ವರ್ಷ. ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ ಸೊನ್ನೆ. ಈ ಸೊನ್ನೆಗೆ ಅವರು ಹೊಣೆಯಲ್ಲ; ಅವರು ಹುಟ್ಟಿದ ಕಾಲ ಹೊಣೆ.

ಖಾಲಿ ಉಳಿದ ಕಲಂ

ಪ್ರವಾಸದಿಂದ ಮರಳಿದ ಬಾಲೂ ಅವರಿಗೆ ಮುಂಬಯಿಯ ದಲಿತ ಸಮುದಾಯ ಸನ್ಮಾನ ಏರ್ಪಡಿಸಿತು. ಆ ಸಮಾರಂಭದಲ್ಲಿ ಯುವಕ ಭೀಮರಾವ್ ಅಂಬೇಡ್ಕರ್ ಪಾತ್ರವೂ ಇತ್ತೆಂದು ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಮರೆವಿಗೆ ಸಂದಿದ್ದ ಬಾಲೂ ಅವರ ಬದುಕನ್ನು 2002ರಲ್ಲಿ ಪ್ರಕಟವಾದ ತಮ್ಮ ಕ್ರಿಕೆಟ್ ಇತಿಹಾಸದ ಕೃತಿಯ ಮೂಲಕ ಮತ್ತೆ ಜನರ ಮುಂದಿಟ್ಟವರು ಗುಹಾ.

ಆಟದ ದಾಖಲೆಗಳಲ್ಲಿ ನಾಯಕತ್ವಕ್ಕೂ ಒಂದು ಕಲಂ ಇರುತ್ತದೆ. ಹಿಂದೂ ತಂಡದ ಅತ್ಯಂತ ಹಿರಿಯ ಮತ್ತು ಅತ್ಯಂತ ಯಶಸ್ವಿ ಆಟಗಾರನ ಹೆಸರಿನ ಮುಂದೆ ಆ ಕಲಂ ಖಾಲಿಯೇ ಉಳಿಯಿತು. 1910ರ ನಂತರ ಸುಮಾರು ಒಂದು ದಶಕ ಬಾಲೂ ಅಭಿಮಾನಿಗಳು ಅವರನ್ನು ನಾಯಕನನ್ನಾಗಿ ಮಾಡಬೇಕೆಂದು ಒತ್ತಾಯಿಸುತ್ತಲೇ ಇದ್ದರು. ಪ್ರತಿ ಸಲವೂ ಆಯ್ಕೆಯಾದವರು ಮೇಲ್ಜಾತಿಯ ಆಟಗಾರರು. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರು, ಹಿರಿತನದಿಂದ ಈ ಗೌರವ ಬಾಲೂ ಅವರಿಗೇ ಸಲ್ಲಬೇಕಿತ್ತು ಎಂದು ತಮ್ಮ ಸನ್ಮಾನ ಸಮಾರಂಭದಲ್ಲೇ ಒಪ್ಪಿಕೊಂಡರು. ಒಪ್ಪಿಗೆಯ ಮಾತು ಬಂದಿತು, ಸ್ಥಾನ ಬರಲಿಲ್ಲ.

ವಿಷಯ ಸ್ಫೋಟಿಸಿದ್ದು 1920ರಲ್ಲಿ. ಆ ವರ್ಷದ ಚತುಷ್ಕೋನ ಟೂರ್ನಿಯ ತಂಡದಿಂದ ಬಾಲೂ ಅವರನ್ನೇ ಕೈಬಿಡಲಾಯಿತು. ಶಿವರಾಮ್ ಮತ್ತು ಮತ್ತೊಬ್ಬ ತಮ್ಮ ವಿಠಲ ಇದನ್ನು ಒಪ್ಪದೆ ತಂಡದಿಂದ ಹಿಂದೆ ಸರಿದರು. ಜಾತಿಯ ಕಾರಣಕ್ಕೆ ಅರ್ಹತೆಯನ್ನು ತುಳಿಯಲಾಗಿದೆ ಎಂದು ಬಹಿರಂಗವಾಗಿಯೇ ಹೇಳಿದರು. ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶಕ್ಕೆ ಕರೆ ಕೊಡುತ್ತಿದ್ದ ದಿನಗಳವು. ಮುಂಬಯಿಯ ಜನಾಭಿಪ್ರಾಯ ಸಹೋದರರ ಪರ ನಿಂತಿತು. ಕೊನೆಗೆ ಸಂಧಾನವಾಯಿತು. ತಮ್ಮಂದಿರು ಮರಳಿದರು. ಬಾಲೂ ಉಪನಾಯಕರಾದರು. ನಾಯಕ ಪೈ ಮೈದಾನದಿಂದ ಹೊರಗಿದ್ದ ಸ್ವಲ್ಪ ಹೊತ್ತು ತಂಡವನ್ನು ಮುನ್ನಡೆಸುವ ಅವಕಾಶವೂ ಸಿಕ್ಕಿತು. ಎರಡು ದಶಕಗಳ ಆಟಕ್ಕೆ ದೊರೆತ ನಾಯಕತ್ವ ಅಷ್ಟೇ.

ಮೂರು ವರ್ಷಗಳ ಬಳಿಕ, 1923ರಲ್ಲಿ, ಹಿಂದೂ ತಂಡದ ನಾಯಕ ಸ್ಥಾನ ಪಲ್ವಂಕರ್ ಮನೆತನಕ್ಕೆ ಬಂದಿತು. ನಾಯಕರಾದವರು ಉತ್ತಮ ಬ್ಯಾಟ್ಸ್‌ಮನ್ ಎನಿಸಿದ್ದ ವಿಠಲ. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಟೂರ್ನಿ ಗೆದ್ದರು. ಅಭಿಮಾನಿಗಳು ವಿಠಲ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಣ್ಣನಿಗೆ ಚಹಾ ಕೊಡಲು ಮಣ್ಣಿನ ಕುಡಿಕೆ ಹುಡುಕಿದ್ದ ಸಮಾಜದವರೇ ತಮ್ಮನನ್ನು ಮುಟ್ಟಿ, ಎತ್ತಿ, ಮೆರೆಸಿದರು. ಆ ಪಂದ್ಯದ ಸ್ಕೋರ್ ಪುಸ್ತಕದಲ್ಲಿ ಬಾಲೂ ಎಂಬ ಹೆಸರೇ ಇರಲಿಲ್ಲ. ಆದರೂ ಆ ಗೆಲುವಿನಲ್ಲಿ ಅವರ ಪಾಲೆಷ್ಟು ಎಂದು ಕೇಳಿದರೆ ಸೊನ್ನೆ ಎಂದು ಹೇಳುವ ಧೈರ್ಯ ಯಾವ ಲೆಕ್ಕಿಗನಿಗೂ ಬರಲಾರದು.

ಮತಪೆಟ್ಟಿಗೆಯ ಅಂಕಿಗಳು

ಆಟ ಬಿಟ್ಟ ಮೇಲೆ ಬಾಲೂ ಸಾರ್ವಜನಿಕ ಬದುಕಿಗೆ ಬಂದರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ವಾದವನ್ನು ಅವರು ಒಪ್ಪಲಿಲ್ಲ. ಮದ್ರಾಸಿನ ಎಂ.ಸಿ. ರಾಜಾ ಅವರಂತೆ ಜಂಟಿ ಮತಕ್ಷೇತ್ರದ ಪರ ನಿಂತರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. ಹಿಂದೂ ತಂಡದ ಒಳಗಿದ್ದುಕೊಂಡೇ ಪಂಕ್ತಿಭೇದವನ್ನು ಸಡಿಲಗೊಳಿಸಿದ್ದ ಅವರಿಗೆ, ಸಮಾಜವನ್ನೂ ಒಳಗಿನಿಂದಲೇ ಬದಲಿಸಬಹುದೆಂಬ ನಂಬಿಕೆ ಇದ್ದಿರಬೇಕು. ಅದೇ ಅನುಭವದಿಂದ ಅಂಬೇಡ್ಕರ್ ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. ಅತ್ಯುತ್ತಮ ಆಟಗಾರನಿಗೇ ನಾಯಕತ್ವ ಸಿಗದ ಕಡೆ ಸಾಮಾನ್ಯ ದಲಿತನಿಗೆ ಸಿಗುವುದೇನು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

1937ರ ಪ್ರಾಂತೀಯ ಚುನಾವಣೆಯಲ್ಲಿ ಇಬ್ಬರೂ ಮುಖಾಮುಖಿಯಾದರು. ಮುಂಬಯಿಯಲ್ಲಿ ಕಾಂಗ್ರೆಸ್ ಪಕ್ಷ ಅಂಬೇಡ್ಕರ್ ವಿರುದ್ಧ ಬಾಲೂ ಅವರನ್ನು ಕಣಕ್ಕಿಳಿಸಿತು. ಅಂಬೇಡ್ಕರ್ ಪಡೆದ ಮತ 13,245. ಬಾಲೂ ಪಡೆದದ್ದು 11,225. ಎರಡು ಸಾವಿರದಷ್ಟು ಮತಗಳಿಂದ ಅವರು ಸೋತರು. ಯೌವನದಲ್ಲಿ ಬಾಲೂ ಅವರ ಸಾಧನೆಯಿಂದ ಸ್ಫೂರ್ತಿ ಪಡೆದವರೇ ಅವರನ್ನು ಸೋಲಿಸಿದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು. ಈ ಅಂಕಿಗಳು ಕೂಡ ಗೆದ್ದವರು ಯಾರೆಂದು ಹೇಳುತ್ತವೆಯೇ ಹೊರತು ಇಬ್ಬರ ನಡುವಿನ ವಾದದ ತೂಕವನ್ನು ಹೇಳುವುದಿಲ್ಲ.

1955ರ ಜುಲೈ 4ರಂದು ಬಾಲೂ ಮುಂಬಯಿಯಲ್ಲಿ ನಿಧನರಾದರು. ಮರುವರ್ಷ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ಅವರ ಜನ್ಮಸ್ಥಳ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಕರ್ನಾಟಕದ ಕ್ರಿಕೆಟ್ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪ್ರಸನ್ನ, ಚಂದ್ರಶೇಖರ್ ಅವರಿಂದ ಸ್ಪಿನ್ ಪರಂಪರೆಯನ್ನು ಆರಂಭಿಸುತ್ತಾರೆ. ಕನ್ನಡ ನೆಲದಲ್ಲಿ ಹುಟ್ಟಿ, ಭಾರತದ ಮೊದಲ ಶ್ರೇಷ್ಠ ಸ್ಪಿನ್ನರ್ ಎನಿಸಿಕೊಂಡ ಬಾಲೂ ರಾಜ್ಯದ ಲೆಕ್ಕಕ್ಕೂ ಸೇರಲಿಲ್ಲ.

ಹಾಗೆಂದು ಅಂಕಿಗಳನ್ನೇ ಅಲ್ಲಗಳೆಯುವುದು ಬಾಲೂ ಅವರಿಗೆ ಮಾಡುವ ಇನ್ನೊಂದು ಅನ್ಯಾಯವಾದೀತು. ಹುಟ್ಟಿನ ಆಧಾರದ ಮೇಲೆ ಮನುಷ್ಯನ ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ, ಜಾತಿ ಕೇಳದೆ ಅವರ ಪರ ಸಾಕ್ಷಿ ನುಡಿದದ್ದು ಸ್ಕೋರ್ ಪುಸ್ತಕ ಮಾತ್ರ. ಉರುಳಿದ ಸ್ಟಂಪ್ ಯಾರ ಚೆಂಡಿಗೆ ಉರುಳಿತು ಎಂಬುದನ್ನು ಯಾವ ಜಿಮ್ಖಾನಾದ ಸದಸ್ಯರೂ ತಿದ್ದಲಾಗಲಿಲ್ಲ. ನಾಯಕತ್ವ ಕೊಡದಿದ್ದವರಿಗೂ ಆ 114 ವಿಕೆಟ್‌ಗಳನ್ನು ಕಸಿದುಕೊಳ್ಳಲು ಸಾಧ್ಯವಾಗಲಿಲ್ಲ. ಶೋಷಿತನ ಕೈಯಲ್ಲಿ ಅಂಕಿ ಒಂದು ಆಯುಧವೂ ಹೌದು.

ಮಿತಿ ಇರುವುದು ಅಂಕಿ ಏನನ್ನು ಬರೆಯುತ್ತದೆ ಎಂಬುದರಲ್ಲಿ. ಆಟಗಾರನಿಗೆ ಮಾಡಲು ಬಿಟ್ಟದ್ದನ್ನು ಅದು ಎಣಿಸುತ್ತದೆ. ಮಾಡಗೊಡದೆ ತಡೆದದ್ದನ್ನು ಎಣಿಸುವುದಿಲ್ಲ. ಆತ ಉರುಳಿಸಿದ ವಿಕೆಟ್ ಅದರಲ್ಲಿದೆ; ಆತನಿಂದಾಗಿ ಇನ್ನೊಬ್ಬನಿಗೆ ಸಿಕ್ಕ ಜಾಗ ಅದರಲ್ಲಿಲ್ಲ. ಪಲ್ವಂಕರ್ ಬಾಲೂ ಅವರ ಹೆಸರಿನ ಮುಂದೆ 179 ಪ್ರಥಮ ದರ್ಜೆ ವಿಕೆಟ್‌ಗಳಿವೆ. 1923ರಲ್ಲಿ ತಮ್ಮ ವಿಠಲ ಹಿಂದೂ ತಂಡವನ್ನು ಮುನ್ನಡೆಸಿ ಮೈದಾನಕ್ಕೆ ಇಳಿದ ಗಳಿಗೆ ಅದರಲ್ಲಿ ಸೇರಿಲ್ಲ. ಅದನ್ನೂ ಕೂಡಿಸಿ ಓದಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ.